ಕಬ್ಬಕ್ಕಿ ಓಡಿಸಿದ ಜನರಲ್

ಯುದ್ಧ ಮುಗಿದ ಮೇಲೆ ಬ್ರಿಟಿಷರ ಸೆರೆಯಿಂದ ಬಿಟ್ಟುಬಂದ ಒಬ್ಬ ಜನರಲ್‌ನನ್ನು ವಸತಿ ಕಚೇರಿಯವರು ತಂದು ನಮ್ಮ ಮನೆಯ ಆಳಿನ ಕೋಣೆಗೆ ತುರುಕಿದರು. ಹ್ಯಾಂಬರ್ಗ್ ಅರ್ಧಕ್ಕರ್ಧ ಸುಟ್ಟುಹೋಗಿತ್ತು. ಎಲ್ಬೆ ನದಿಯ ಈಚೆ ದಂಡೆಯಲ್ಲಿ ಹಣ್ಣಿನ ತೋಟ ಇಟ್ಟುಕೊಂಡ ನಾವು ಯಾರು ಬಂದರೂ ಜಾಗ ಕೊಡಬೇಕಿತ್ತು. ಮನೆಯಲ್ಲಿದ್ದದ್ದು ನಾನೊಬ್ಬಳೇ, ಗೇಶೆ ಸೋಮ್‌ಫ್ಲೇಟ್, ಗಂಡ ಸತ್ತವಳು. ಬಂದವನ ಹೆಸರು ಎಗ್ಬರ್ಟ್ ಹಾಸೆಲ್ಬ್ರಿಂಗ್. ನೆಲದ ಮೇಲೆ ನಿಂತು ವಿಮಾನಗಳಿಗೆ ಗುಂಡು ಹಾರಿಸುವ ಫಿರಂಗಿ ಪಡೆಯವನು. ನದಿಯಾಚೆಯ ಎಣ್ಣೆ ಕಾರ್ಖಾನೆಯ ಕಾವಲಿಗಿದ್ದ ಫಿರಂಗಿಗಳೆಲ್ಲ ಇವನದೇ ಕೈಕೆಳಗಿದ್ದವು.

ಅದು ಗೊತ್ತಾದ ದಿನವೇ ಊಟಕ್ಕೆ ಬಡಿಸುತ್ತ ಹೇಳಿಬಿಟ್ಟೆ.

"ನಲವತ್ನಾಲ್ಕರ ಜೂನ್‌ನಲ್ಲಿ ನಿಮ್ಮ ಫಿರಂಗಿಗೆ ಹೆದರಿ ವಿಮಾನಗಳು ಈ ಕಡೆ ತಿರುಗಿದ್ವು. ಹೊತ್ತು ತಂದ ಬಾಂಬನ್ನೆಲ್ಲ ನಮ್ಮ ತೋಟದ ಮೇಲೆ ಸುರಿದು ಹೋದ್ವು. ನಮ್ಮ ಯಜಮಾನ್ರು ಹೈನ್ ಆಗ ಚೆರ್ರಿ ಕೀಳ್ತಾ ಮರದ ಮೇಲಿದ್ರು."

ಅವನು ಸ್ವಲ್ಪ ಯೋಚಿಸಿ, "ಹೌದು, ನೆನಪಿದೆ. ಅವತ್ತು ನಮ್ಮದೇ ಗೆಲುವು. ಕಾರ್ಖಾನೆಗೆ ಒಂದು ಗೀರೂ ಬೀಳಲಿಲ್ಲ," ಎಂದು ಇನ್ನೊಂದು ಆಲೂಗಡ್ಡೆ ಹಾಕಿಸಿಕೊಂಡ.

ಕೈಯಲ್ಲಿದ್ದ ಸೌಟಿನಿಂದ ಅವನ ತಲೆಗೊಂದು ಕೊಡದೆ ಹೇಗೆ ತಡೆದುಕೊಂಡೆನೋ. ಅವನು ಕಾಲಿಗೆ ಬೀಳಲಿ ಎಂದೇನೂ ನನಗಿರಲಿಲ್ಲ. ಸತ್ತವನ ಬಗ್ಗೆ ಬಾಯಿಬಿಟ್ಟು ಒಂದು ಮಾತು ಕೇಳಲಿ, ಹೈನ್ ಎಂಬ ಒಬ್ಬ ಮನುಷ್ಯ ಇದ್ದ ಎಂದು ಒಪ್ಪಿಕೊಳ್ಳಲಿ ಎಂದಷ್ಟೇ ಆಸೆಯಿತ್ತು. ಬೇರೆ ಯಾರೋ ಅಂದರೆ ಆಗುತ್ತಿರಲಿಲ್ಲ, ಇವನೇ ಅನ್ನಬೇಕಿತ್ತು.

ಆ ಒಂದು ಮಾತು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದ. ಮೊದಲನೇ ಯುದ್ಧದಲ್ಲಿ ಕುದುರೆ ಎಳೆಯುವ ಫಿರಂಗಿಯ ಬಾಲವನ್ನು ಗುಂಡಿಗಿಳಿಸಿ, ಮೂತಿಯನ್ನು ಆಕಾಶಕ್ಕೆ ಎತ್ತಿ ಅಂದಾಜಿನ ಮೇಲೆ ಹೊಡೆಯುತ್ತಿದ್ದರಂತೆ. ಆಮೇಲೆ ಜರ್ಮನಿಗೆ ಇಂಥ ಫಿರಂಗಿಯೇ ಕೂಡದೆಂದು ಗೆದ್ದವರು ಕಟ್ಟು ಮಾಡಿದಾಗ, ಲಾರಿ ಓಡಿಸುವ ದಳ ಎಂದು ಹೆಸರಿಟ್ಟುಕೊಂಡು ಕದ್ದುಮುಚ್ಚಿ ಕಲಿತರಂತೆ. ಮುಂದೆ ವಾಯುಪಡೆಗೆ ಸೇರಿಸಿದರು, ನೀಲಿ ಅಂಗಿ ಬಂತು, ಫ್ರಾನ್ಸ್, ರಷ್ಯಾ, ಕೊನೆಗೆ ಜನರಲ್ ಪಟ್ಟ. ಇಷ್ಟೆಲ್ಲ ಆದರೂ ಒಂದೇ ಒಂದು ಸಲ ವಿಮಾನ ಹತ್ತಿದವನಲ್ಲ. ನಮ್ಮ ಏಣಿಯ ನಾಲ್ಕು ಮೆಟ್ಟಿಲು ಹತ್ತಿದರೆ ತಲೆ ಸುತ್ತುತ್ತಿತ್ತು! ಇದನ್ನೇ ದಿನಾ ಕೇಳಿ ಕೇಳಿ ನನಗೆ ಸಾಕುಸಾಕಾಗಿ ಹೋಯಿತು.

ಬಾಯಿಗಾದರೂ ಬಿಡುವಾಗಲಿ ಎಂದು ಚೆರ್ರಿ ಕೆಂಪಾಗುತ್ತಲೇ, ಹಿಂಡುಹಿಂಡಾಗಿ ಬಂದು ಹಣ್ಣು ತಿನ್ನುವ ಕಬ್ಬಕ್ಕಿ ಕಾಯಲು ಅವನನ್ನು ಕೂರಿಸಿದೆ. ತಗಡಿನ ಡಬ್ಬ ಬಡಿದು ಹಕ್ಕಿ ಓಡಿಸುವ ಕೆಲಸ, ಅದಕ್ಕೇನು ವಿದ್ಯೆ ಬೇಕು? ಮೊದಲ ದಿನ ಹಿಂಡು ಬಂದು ಕೂತು ತಿನ್ನುತ್ತಿದ್ದರೂ ಇವನು ಸುಮ್ಮನೆ ನಿಂತಿದ್ದ.

"ಯಾಕ್ರೀ ಬಡೀಲಿಲ್ಲ?"

"ಅವು ಹೊಡೆತದ ಅಳತೆಯೊಳಗೆ ಬಂದಿರಲಿಲ್ಲ."

"ಹಣ್ಣು ಅವುಗಳ ಹೊಟ್ಟೆಯೊಳಗೆ ಹೋಯ್ತಲ್ರೀ!"

ಆಮೇಲೆ ಸಾಲುಸಾಲಿಗೂ ಡಬ್ಬ ಕಟ್ಟಿ, ಎಲ್ಲದಕ್ಕೂ ಹಗ್ಗ ಬಿಗಿದು, ಒಂದೇ ಕಡೆ ಕೂತು ಜಗ್ಗತೊಡಗಿದ. ಸುಳ್ಳು ಹೇಳಬಾರದು, ನಮ್ಮ ಹಣ್ಣು ಉಳಿಯಿತು. ಆದರೆ ನಮ್ಮಲ್ಲಿ ನೆರೆಹೊರೆಯವರೆಲ್ಲ ಒಟ್ಟಿಗೆ ಡಬ್ಬ ಬಡಿದು ಹಿಂಡನ್ನು ನದಿಯ ಕಡೆಗೆ ಅಟ್ಟುವುದು ರೂಢಿ. ಇವನು ಯಾರಿಗೂ ಕಾಯದೆ ತಾನೊಬ್ಬನೇ ಜಗ್ಗಿದ್ದರಿಂದ ಹಿಂಡು ಕಾಲುವೆಯಾಚೆ ತಿಬ್ಕೆ ಅಜ್ಜಿಯ ತೋಟಕ್ಕೆ ಇಳಿಯಿತು. ಅಜ್ಜಿ ಕೋಲು ಊರಿಕೊಂಡು ಬಂದಳು.

"ಏ ಗೇಶೆ, ಕಟ್ಟಿಹಾಕೇ ನಿನ್ನ ಜನರಲ್‌ನ! ನನ್ನ ಮರದಲ್ಲಿ ಬರೀ ಬೀಜ ನೇತಾಡ್ತಿದೆ!"

"ನನಗೆ ಒಪ್ಪಿಸಿದ್ದು ಈ ತೋಟ, ತಾಯಿ. ಇಲ್ಲಿ ನಷ್ಟವಾಗಿಲ್ಲ," ಎಂದ ಅವನು.

"ಓಡಿಸಿದ್ದು ಎಲ್ಲಿಗೆ ಹೋಗುತ್ತೆ ಅಂತ ನೋಡೋದಿಲ್ವೇನಯ್ಯಾ?"

"ಅದು ನನ್ನ ವ್ಯಾಪ್ತಿಗೆ ಬರುವುದಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ನಮ್ಮ ಹೈನೂ ನಿಮ್ಮ ವ್ಯಾಪ್ತಿಗೆ ಬರ್ಲಿಲ್ಲ, ಅಲ್ವಾ? ಆಚೆ ಕಡೆ ಒಂದು ಗೀರೂ ಬೀಳಲಿಲ್ಲ ಅಂತ ಬೀಗ್ತೀರಲ್ಲ, ಈಚೆ ಕಡೆ ಬಿದ್ದದ್ದನ್ನ ಯಾರ ತಲೆಗೆ ಕಟ್ತೀರಿ?"

ಅವನು ಕೈಯಲ್ಲಿದ್ದ ಹಗ್ಗವನ್ನು ಸುತ್ತಿಟ್ಟು ಹೊರಟ. ಕೋಣೆಗೆ ಹೋದವನು ರಾತ್ರಿ ಊಟಕ್ಕೂ ಬರಲಿಲ್ಲ. ಒಳ್ಳೆಯದೇ ಆಯಿತೆಂದು ಸುಟ್ಟ ಹಾವುಮೀನನ್ನು ಪೂರ್ತಿ ನಾನೇ ತಿಂದೆ.

ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಮರಗಳೆಲ್ಲ ಹಕ್ಕಿಗಳಿಂದ ಕಪ್ಪಾಗಿವೆ! ಎಲ್ಲಿ ಹೋದನಪ್ಪ ಎಂದರೆ ಕಾಲುವೆಯಾಚೆ, ಹಣ್ಣೇ ಉಳಿಯದ ತಿಬ್ಕೆ ಅಜ್ಜಿಯ ತೋಟದಲ್ಲಿ ನೆಟ್ಟಗೆ ನಿಂತು ಡಬ್ಬ ಬಡಿಯುತ್ತಿದ್ದಾನೆ. ಅಜ್ಜಿ ಮಣೆ ಹಾಕಿಕೊಂಡು ಕೂತು ನೋಡುತ್ತಿದ್ದಾಳೆ. ನಾನು ಕಾಲುವೆಗೆ ಹಾಕಿದ್ದ ಹಲಗೆ ದಾಟಿ ಓಡಿದೆ.

"ಬುದ್ಧಿಗಿದ್ದಿ ನೆಟ್ಟಗಿದೆಯೇನ್ರೀ? ಇಲ್ಲಿ ಕಾಯೋಕೆ ಏನಿದೆ? ಎಲ್ಲಾ ನನ್ನ ಕಡೆ ಬರ್ತಿವೆ!"

"ಗೊತ್ತು. ಎಲ್ಲಿಗೆ ಹೋಗುತ್ತವೆ ಅಂತ ನೋಡ್ತಾ ಇದ್ದೇನೆ," ಎಂದ.

"ನನಗೆ ನಿಮ್ಮಿಂದ ಬೇಕಿದ್ದದ್ದು ಒಂದು ಮಾತು ಕಣ್ರೀ! ನನ್ನ ತೋಟ ತಿನ್ನಿಸಿ ಅಂದೆನಾ? ಪಶ್ಚಾತ್ತಾಪ ಪಡೋಕೂ ನೀವು ದಂಡಿನ ಜಾಗ ಬದಲಾಯಿಸ್ಬೇಕಾ?"

ಅಜ್ಜಿ, "ಬೈಯೇ, ಚೆನ್ನಾಗಿ ಬೈ," ಎಂದು ನನಗೆ ಕುಮ್ಮಕ್ಕು ಕೊಟ್ಟಳು.

ಅವನು ಡಬ್ಬವನ್ನು ಹುಲ್ಲಿನ ಮೇಲಿಟ್ಟ. ಗಡ್ಡ ಹೆರೆದಿರಲಿಲ್ಲ, ನಮ್ಮ ಮನೆಗೆ ಬಂದಮೇಲೆ ಹಾಗೆ ಹೊರಗೆ ಬಂದದ್ದೇ ಇಲ್ಲ.

"ನಿಮ್ಮ ಯಜಮಾನರು ಅವತ್ತು ಯಾವ ಮರದ ಮೇಲಿದ್ದರು?"

"ಈಗ ಕೇಳ್ತೀರಾ!" ಎಂದು ಕೂಗಿದೆ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು, ಸಿಟ್ಟಿಗೆ ಮಾತ್ರವೂ ಅಲ್ಲ. "ಬನ್ನಿ, ತೋರಿಸ್ತೀನಿ. ಮರ ಇಲ್ಲ, ಗುಂಡಿಯಿದೆ."

ಹಲಗೆ ದಾಟಿ ಇಬ್ಬರೂ ಸಾಲಿನ ಕೊನೆಯವರೆಗೆ ನಡೆದೆವು. ತಲೆಯ ಮೇಲೆ ಹಕ್ಕಿಗಳು ಗದ್ದಲ ಮಾಡುತ್ತ ತಿನ್ನುತ್ತಲೇ ಇದ್ದವು. ಓಡಿಸಬೇಕೆಂದು ನಮಗಿಬ್ಬರಿಗೂ ಅನ್ನಿಸಲಿಲ್ಲ.