ಬಾವಿಯಲ್ಲಿ ತಂತಿ ಇದೆ ಎಂದವಳು

ನನ್ನ ಗೆಳತಿಗೆ ನನ್ನ ಮೇಲೆ ಅನುಮಾನ ಯಾವಾಗ ಶುರುವಾಯಿತೋ ಸರಿಯಾಗಿ ಗೊತ್ತಿಲ್ಲ. ನನಗದು ಗೊತ್ತಾದದ್ದು ಒಂದು ಬೆಳಿಗ್ಗೆ. ಇಬ್ಬರಿಗೂ ಅನ್ನ ಬಡಿಸಿ ಸಾರು ಹಾಕಿದೆ. ಅವಳು ತಟ್ಟೆ ಮುಟ್ಟದೆ ನನ್ನ ಮುಖವನ್ನೇ ನೋಡುತ್ತ ಕೂತಳು.

"ಮೊದ್ಲು ನೀನು ತಿನ್ನು," ಎಂದಳು.

ತಮಾಷೆಗೆ ಹೇಳುತ್ತಿದ್ದಾಳೆ ಅಂದುಕೊಂಡು ಒಂದು ತುತ್ತು ತಿಂದೆ. ಅವಳು ಸ್ವಲ್ಪ ಹೊತ್ತು ಕಾದಳು. ನನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ನನ್ನ ತಟ್ಟೆಯನ್ನೇ ಎಳೆದುಕೊಂಡು ಉಂಡಳು. ತನ್ನ ತಟ್ಟೆಯಲ್ಲಿದ್ದುದನ್ನು ಬಚ್ಚಲಿಗೆ ಸುರಿದುಬಂದಳು. ಆ ಹೊತ್ತಿಗೆ ನನಗೆ ಬಂದದ್ದು ಸಿಟ್ಟು ಮಾತ್ರ.

ಆಗ ನಾವಿಬ್ಬರೂ ಹುಣಸೂರಿನಲ್ಲಿ ಕಾಲೇಜು ಓದುತ್ತಿದ್ದೆವು. ನಾನು ಗಾವಡಗೆರೆ ಕಡೆಯವಳು. ಅವಳದು ಚುಂಚನಕಟ್ಟೆ ಹತ್ತಿರ ಗದ್ದೆ ಬೇಸಾಯದ ಮನೆ. ಮೈಸೂರಿಗೆ ಕಳಿಸಿದರೆ ತಂಗಿ ಕೈತಪ್ಪಿ ಹೋಗುತ್ತಾಳೆಂದು ಅವಳ ಅಣ್ಣ ಹುಣಸೂರಿಗೆ ತಂದು ಸೇರಿಸಿದ್ದ. ಮರದ ವ್ಯಾಪಾರಿಯೊಬ್ಬರ ಮನೆಯ ಹಿತ್ತಲ ಕೋಣೆ ನಮಗೆ ಬಾಡಿಗೆಗೆ ಸಿಕ್ಕಿತ್ತು. ಹಿತ್ತಲಿನ ಬಾವಿಯಿಂದ ಪಕ್ಕದ ಸಾಬರ ಮನೆಯವರೂ ನೀರು ಸೇದುತ್ತಿದ್ದರು. ಆ ಮನೆಯ ಯಜಮಾನರು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರು. ಅವರ ಹೆಂಡತಿ ನಮ್ಮಿಬ್ಬರನ್ನೂ 'ಬೇಟಿ' ಎಂದೇ ಕರೆಯುವರು. ನಾವು ಅವರನ್ನು ಅಮ್ಮಾ ಎನ್ನುತ್ತಿದ್ದೆವು.

ಗೆಳತಿ ಮೊದಲು ಹೀಗಿರಲಿಲ್ಲ. ತರ್ಕಶಾಸ್ತ್ರದ ಮೇಷ್ಟ್ರು ಕನ್ನಡಕ ತೆಗೆದು ಒರೆಸುವುದನ್ನು ಅನುಕರಿಸಿ ನಮ್ಮನ್ನೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದವಳು. ಆ ಮಳೆಗಾಲ ಮುಗಿಯುತ್ತ ಬಂದಂತೆ ನಗುವುದನ್ನು ಬಿಟ್ಟಳು. ಸ್ನಾನಕ್ಕೆ ಹೋಗುತ್ತಿರಲಿಲ್ಲ. ಕ್ಲಾಸಿನಲ್ಲಿ ಮೇಷ್ಟ್ರು ಹೇಳುವ ಉದಾಹರಣೆಗಳೆಲ್ಲ ತನ್ನನ್ನು ಕುರಿತೇ ಎಂದು ಅವಳಿಗೆ ಅನ್ನಿಸತೊಡಗಿತು. ಹಿತ್ತಾಳೆ ಪಾತ್ರೆ ಕಿಲುಬು ಹಿಡಿದು ಊಟ ಕೆಡುತ್ತಿದೆಯೇನೋ ಎಂದು ಪಕ್ಕದ ಮನೆಯವರು ನಮ್ಮ ಪಾತ್ರೆಗಳಿಗೆ ಅವಳ ಕಣ್ಣೆದುರೇ ಹೊಸ ಕಲಾಯಿ ಹಾಕಿಕೊಟ್ಟರು. ಅವಳು ಬೆಳ್ಳಗೆ ಹೊಳೆಯುವ ಪಾತ್ರೆಯೊಳಗೆ ಬಗ್ಗಿ ನೋಡಿ, "ಇದ್ರಲ್ಲಿ ನನ್ ಮುಖ ಕಾಣೋ ಹಂಗೆ ಯಾಕ್ ಮಾಡವ್ರೆ?" ಎಂದು ನನ್ನನ್ನು ಕೇಳಿದಳು.

ಅದು ಪಾಕಿಸ್ತಾನದ ಮೇಲೆ ಯುದ್ಧ ನಡೆದ ವರ್ಷ. ಹುಣಸೂರಿಗೆ ಗುಂಡಿನ ಸದ್ದು ಬರಲಿಲ್ಲ, ಮಾತು ಬಂತು. ಹೋಟೆಲುಗಳಲ್ಲಿ, ಬಸ್ ನಿಲ್ದಾಣದಲ್ಲಿ ಗೂಢಚಾರರದೇ ಸುದ್ದಿ. ಕಲಾಯಿಯವರ ಮನೆಯಲ್ಲಿ ಒಂದು ರೇಡಿಯೋ ಇತ್ತು. ಸಂಜೆ ಅದು ಗುರುಗುಟ್ಟಿದರೆ ಬೀದಿಯವರು ನಡಿಗೆ ನಿಧಾನ ಮಾಡಿ ಕಿವಿಗೊಡುತ್ತಿದ್ದರು. ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಪ್ರಶ್ನೆ: "ಯಾವ ಸ್ಟೇಷನ್ನೋ ಏನೋ?"

ನನ್ನ ಗೆಳತಿಯ ಭಯಕ್ಕೆ ಇಷ್ಟೇ ಸಾಕಾಯಿತು. ಒಂದು ದಿನ ಅವಳು ಕಾಲೇಜಿನ ವರಾಂಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: ನಮ್ಮ ಹಿತ್ತಲ ಬಾವಿಯೊಳಗೆ ತಂತಿ ಇಳಿಬಿಟ್ಟಿದ್ದಾರೆ, ಪಕ್ಕದ ಮನೆಯವರು ಅದರಲ್ಲಿ ಸುದ್ದಿ ಕಳಿಸುತ್ತಾರೆ, ತಾನು ಯೋಚನೆ ಮಾಡುವುದೆಲ್ಲ ಅದರಲ್ಲೇ ಹೋಗುತ್ತದೆ. ಕೊನೆಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮೊದಲಿನೆರಡು ಮಾತುಗಳು ಸಂಜೆಯೊಳಗೆ ಊರು ಸುತ್ತಿ ಬಂದವು.

ಮರುದಿನ ಒಬ್ಬ ಪೊಲೀಸಿನವನು ಬಂದ. ರೇಡಿಯೋ ತೆಗೆದುಕೊಂಡು ಹೋದ. ಕಲಾಯಿಯವರನ್ನು ಠಾಣೆಗೆ ಕರೆಸಿ ಸಂಜೆಯ ತನಕ ಬೆಂಚಿನ ಮೇಲೆ ಕೂರಿಸಿದರು. ಬಾವಿಗೆ ಒಬ್ಬನನ್ನು ಇಳಿಸಿದರು. ಒಂದು ಹಳೇ ಬಿಂದಿಗೆ ಸಿಕ್ಕಿತು, ಅಷ್ಟೇ. ಅವರನ್ನು ಬಿಟ್ಟರು. ಆದರೆ ಅವರ ಮನೆಗೆ ಪಾತ್ರೆ ತರುವವರು ಕಡಿಮೆಯಾದರು. ನನ್ನೊಂದಿಗೆ ಓದುತ್ತಿದ್ದ ಹುಡುಗಿಯರು ನಮ್ಮ ಕೋಣೆಗೆ ಬರುವುದು ನಿಂತಿತು. ಪಕ್ಕದ ಮನೆಯ ಅಮ್ಮ ನಮ್ಮ ಮುಖ ನೋಡದೆ ನೀರು ಸೇದಿಕೊಂಡು ಒಳಗೆ ಹೋಗುತ್ತಿದ್ದರು. ನನಗೂ ಒಳಗೊಳಗೇ ಒಂದು ಸಂಶಯ. ಇವಳು ಬೇಕೆಂದೇ ಹೀಗೆ ಆಡುತ್ತಿದ್ದಾಳೆಯೇ? ಪರೀಕ್ಷೆಯ ಹೆದರಿಕೆಗೆ ನಾಟಕವೇ?

ಕಾಲೇಜಿನವರು ಅವಳ ಅಣ್ಣನಿಗೆ ಹೇಳಿಕಳಿಸಿದರು. ಅವನು ಬಂದವನು ತಂಗಿಯನ್ನು ಮಾತಾಡಿಸುವ ಮೊದಲು ನನ್ನನ್ನು ಹೊರಗೆ ಕರೆದ.

"ಯಾವನು ಅವನು?" ಎಂದ.

"ಯಾರೂ ಇಲ್ಲ ಕಣಣ್ಣ."

"ಬುಡು, ನಂಗ್ ಗೊತ್ತು. ನೀವಿಬ್ರೂ ಒಂದೇ. ಒಬ್ಳ ಗುಟ್ಟು ಇನ್ನೊಬ್ಳು ಮುಚ್ತೀರ."

ಅವಳನ್ನು ಊರಿಗೆ ಕರೆದುಕೊಂಡು ಹೋದ. ಬಸ್ಸು ಹತ್ತುವಾಗ ಅವಳು ತಿರುಗಿ ನೋಡಿದಳು. ಆ ನೋಟದಲ್ಲಿ ವಿದಾಯ ಇರಲಿಲ್ಲ. ನೀನೇ ಇವನನ್ನು ಕರೆಸಿದೆ ಎಂಬ ಆಪಾದನೆ ಇತ್ತು.

ಕೋಣೆಯಲ್ಲಿ ಒಬ್ಬಳೇ ಉಳಿದೆ. ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಬಾವಿಯ ಹತ್ತಿರ ಅಮ್ಮ ತಾವಾಗಿಯೇ ಮಾತಾಡಿದರು.

"ಅವ್ಳು ಎಂಗವ್ಳೆ?"

"ಗೊತ್ತಿಲ್ಲ ಅಮ್ಮಾ. ತಾಯತ ಕಟ್ಟಿಸ್ತಾ ಅವ್ರಂತೆ."

ಅವರು ಹಗ್ಗ ಸುತ್ತಿಟ್ಟು ಕಟ್ಟೆಯ ಮೇಲೆ ಕೂತರು. "ನನ್ ತಮ್ಮನೂ ಹಿಂಗೇ ಇದ್ದ. ನಾವೂ ತಾಯತ ಕಟ್ಸಿದ್ವಿ, ದರ್ಗಾಕ್ಕೆ ಕರ್ಕೊಂಡ್ ಹೋದ್ವಿ. ಮೈಸೂರ್ ಡಾಕ್ಟ್ರ ತಾವ ಹೋಗೋ ಹೊತ್ಗೆ ತಡ ಆಗೋಗಿತ್ತು," ಎಂದರು. ತಮ್ಮನಿಗೆ ಏನಾಯಿತೆಂದು ಹೇಳಲಿಲ್ಲ.

"ನಿಮ್ ಮನೆಗೆ ಪೊಲೀಸ್ ಬಂದಿದ್ದು ಅವ್ಳಿಂದ," ಎಂದೆ. ಯಾಕೆ ಹಾಗೆಂದೆನೋ, ಅವರ ಮನಸ್ಸನ್ನು ಪರೀಕ್ಷಿಸಬೇಕು ಅನ್ನಿಸಿರಬೇಕು.

"ಊರ್ನೋರು ಬುದ್ಧಿ ನೆಟ್ಟಗಿದ್ದೂ ಅದೇ ಮಾತು ಅಂದ್ರು ಬೇಟಿ. ಈ ಹುಡ್ಗಿ ಜ್ವರದಾಗೆ ಅಂದಂಗೆ ಅಂದ್ಲು. ನಾನ್ ಯಾರ್ ಮ್ಯಾಲೆ ಸಿಟ್ ಮಾಡ್ಲಿ?"

ಅವಳನ್ನು ನೋಡಿ ಬರೋಣವೆಂದು ಮರುದಿನ ಅಮ್ಮನೂ ನಾನೂ ಬಸ್ಸು ಹಿಡಿದು ಕೆ.ಆರ್. ನಗರಕ್ಕೆ ಹೋಗಿ, ಅಲ್ಲಿಂದ ಅವಳ ಊರಿಗೆ ಹೋದೆವು. ಬುರ್ಖಾ ತೊಟ್ಟವರು ಯಾಕೆ ಬಂದರೆಂದು ಜಗುಲಿಗಳ ಮೇಲಿದ್ದವರು ಎದ್ದು ನಿಂತು ನೋಡಿದರು. ಅವಳ ಮನೆಯಲ್ಲಿ ಭತ್ತದ ಕೋಣೆಯ ಬಾಗಿಲಿಗೆ ಹೊರಗಿನಿಂದ ಅಗುಳಿ ಹಾಕಿತ್ತು. ಒಳಗಿದ್ದವಳು ಅವಳೇ.

ಅಣ್ಣ ನಮ್ಮನ್ನು ಆ ಕೋಣೆಯೊಳಗೆ ಬಿಡಲು ಒಪ್ಪಲಿಲ್ಲ. "ಇವ್ರ ಮನೆ ಅನ್ನ ತಿಂದೇ ಇಂಗಾಗವ್ಳೆ," ಎಂದ. ಅಮ್ಮ ಅದಕ್ಕೆ ಉತ್ತರ ಕೊಡದೆ ಬಾಗಿಲ ಹತ್ತಿರ ಹೋಗಿ ನೆಲದ ಮೇಲೆ ಕೂತು, ಒಳಗಿದ್ದವಳನ್ನು ಕೇಳಿದರು: "ಬೇಟಿ, ಏನ್ ತಿಂದೆ?"

"ಏನೂ ಇಲ್ಲ. ಎಲ್ಲಾ ಬೆರ್ಸವ್ರೆ," ಎಂದಿತು ಒಳಗಿನ ದನಿ.

"ತೆಂಗಿನ್ಕಾಯಿ ನಿನ್ ಮುಂದೇನೇ ಒಡೀತೀನಿ. ತಿಂತೀಯ?"

"ಒಡೆದೋರು ಮೊದ್ಲು ತಿನ್ಬೇಕು," ಎಂಬ ಮಾತು ಬಂತು.

ಆಗ ಅಡುಗೆಮನೆಯಲ್ಲಿದ್ದ ಅವಳ ತಾಯಿ ಎದ್ದುಬಂದು, ಮಗನನ್ನು ಕೇಳದೆಯೇ ಅಗುಳಿ ತೆಗೆದರು. ಮೂಲೆಯಲ್ಲಿ ಕೂದಲು ಕೆದರಿಕೊಂಡು, ಭತ್ತದ ಮೂಟೆಗೆ ಒರಗಿ ಕೂತಿದ್ದವಳನ್ನು ನೋಡಿದ ಮೇಲೆ ನಾಟಕವೆಂಬ ಸಂಶಯ ನನಗೆ ಮತ್ತೆ ಬರಲಿಲ್ಲ. ಅಮ್ಮ ಒಡೆದು, ಮೊದಲು ತಾವು ತಿಂದು ಕೊಟ್ಟ ತೆಂಗಿನಕಾಯಿಯನ್ನು ಗೆಳತಿ ತಿಂದಳು, ನನ್ನ ಕೈಯಿಂದಲ್ಲ. ಅಮ್ಮ ತಮ್ಮನ ಕತೆ ಹೇಳಿದ್ದನ್ನು ಕೇಳಿ ತಾಯಿಯೇ ಮಗನಿಗೆ, "ನಾಳೀಕೆ ಮೈಸೂರ್ ಡಾಕ್ಟ್ರ ತಾವ ಕರ್ಕೊಂಡ್ ನಡಿ. ಇಲ್ದಿದ್ರೆ ನಾನೇ ಕರ್ಕೊಂಡ್ ಓಯ್ತೀನಿ," ಎಂದರು.

ಮೈಸೂರಿನ ವೈದ್ಯರು ಅವಳೊಂದಿಗೆ ಬಹಳ ಹೊತ್ತು ಮಾತಾಡಿದರು. ನಂತರ ನಮ್ಮನ್ನು ಕರೆದು, ಇದು ಮನಸ್ಸಿನ ಕಾಯಿಲೆ, ಔಷಧಿ ಇದೆ, ಬೇಗ ಬಿಡುವಂಥದ್ದಲ್ಲ ಎಂದರು. "ಅವಳು ಹೇಳೋದನ್ನ ಸುಳ್ಳು ಅಂತ ವಾದ ಮಾಡಬೇಡಿ. ನಿಜ ಅಂತ ಒಪ್ಪಲೂ ಬೇಡಿ. ಹೆದರಿಕೆ ಆಗ್ತಿದೆಯಾ ಅಂತ ಕೇಳಿ, ಸಾಕು." ತಾಯಿ ಅವಳನ್ನು ನಮ್ಮ ಜೊತೆ ಹುಣಸೂರಿನ ಕೋಣೆಗೇ ಕಳಿಸಿದರು. ವೈದ್ಯರ ಮಾತು ಕೇಳುವಾಗ ಸುಲಭ ಎನ್ನಿಸಿತ್ತು. ಅವಳು ದಿನವೂ ನನ್ನನ್ನೇ ದೂರುವಾಗ ಬಾಯಿ ಬಿಗಿಹಿಡಿದು 'ಹೆದರಿಕೆ ಆಗ್ತಿದೆಯಾ' ಎನ್ನುವುದು ಎಷ್ಟು ಕಷ್ಟವೆಂದು ಆಮೇಲೆ ಗೊತ್ತಾಯಿತು.

ಮಾತ್ರೆಯ ಮೇಲೂ ಅವಳಿಗೆ ಸಂಶಯ. ನಾನು ಕೊಟ್ಟರೆ ನಾಲಿಗೆಯ ಅಡಿಯಲ್ಲಿಟ್ಟುಕೊಂಡು ಹೋಗಿ ಉಗಿಯುತ್ತಿದ್ದಳು. ಅದಕ್ಕೆ ಅಮ್ಮನೇ ದಾರಿ ಹುಡುಕಿದರು. ಮಾತ್ರೆಗಳನ್ನು ಒಂದು ತಗಡಿನ ಡಬ್ಬಿಗೆ ಹಾಕಿ ಬೀಗ ಜಡಿದು, ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ಅವಳ ಕೊರಳಿಗೇ ಹಾಕಿದರು. "ನಾನೂ ಮುಟ್ಟಲ್ಲ, ಇವ್ಳೂ ಮುಟ್ಟಲ್ಲ. ನಿಂದು," ಎಂದರು. ಅವಳು ಬೀಗವನ್ನು ಜಗ್ಗಿ ನೋಡಿದಳು. ಅವತ್ತಿನಿಂದ ಬಹುಪಾಲು ದಿನ ತಾನೇ ತೆಗೆದು ನುಂಗಿದಳು. ಕೆಲವು ದಿನ ಇಲ್ಲ.

ಬೇಸಿಗೆಯ ಹೊತ್ತಿಗೆ ಓದಬೇಕೆಂದಳು. ಕಾಲೇಜಿನಲ್ಲಿ ಅವಳ ಹೆಸರು ಹೊಡೆದುಹಾಕುವ ಮಾತು ನಡೆದಿತ್ತು. ನಾನೂ ಅಮ್ಮನೂ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಕಾಯಿಲೆ ಅಂತೀಯ. ಬೇರೆ ವಿಷಯ ಏನಾದ್ರೂ ಇದ್ರೆ ಈಗ್ಲೇ ಹೇಳಿಬಿಡು. ಹೆಣ್ಮಕ್ಕಳ ವಿಷಯದಲ್ಲಿ ನಮಗೂ ಜವಾಬ್ದಾರಿ ಇರುತ್ತೆ."

"ಕಾಯಿಲೆನೇ ಸರ್. ಮೈಸೂರಿನ ಡಾಕ್ಟರ ಸರ್ಟಿಫಿಕೇಟ್ ಇದೆ."

ಅದನ್ನು ಓದಿ ಅವರ ಮುಖ ಇನ್ನಷ್ಟು ಗಂಟಿಕ್ಕಿತು. "ಇಂಥವಳು ಕ್ಲಾಸಿನಲ್ಲಿ ಎದ್ದು ಏನಾದ್ರೂ ಮಾಡಿದ್ರೆ?"

"ಹೋದ ವರ್ಷ ಟೈಫಾಯಿಡ್ ಬಂದ ಹುಡುಗನ್ನ ಹಾಜರಿ ಇಲ್ಲದಿದ್ರೂ ಸೇರಿಸಿಕೊಂಡ್ರಿ ಸರ್. ಇವಳನ್ನ ಯಾಕೆ ಸೇರಿಸಿಕೊಳ್ಳಬಾರದು?"

ಅವರು ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿದರು. "ಇವರಿಗೇನು ಇಲ್ಲಿ ಕೆಲಸ?"

ಅಮ್ಮ ಮುಸುಕು ಸರಿಸಿ ಹೇಳಿದರು: "ಆ ಹುಡ್ಗಿ ಚಾಡಿ ಹೇಳಿದ್ದು ನಮ್ ಮನೆ ಮ್ಯಾಲೆ ಸಾಹೇಬ್ರೇ. ನಾನೇ ಬಂದು ಅವ್ಳನ್ನ ಕುಂಡ್ರುಸ್ಕೊಳ್ಳಿ ಅಂತ ಕೇಳ್ತಾ ಇವ್ನಿ. ನಿಮ್ಗೆ ಅವ್ಳಿಂದ ಏನಾಗದೆ?"

ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಕೊನೆಗೆ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರಲಿ, ತಾಳಲಾಗದಿದ್ದರೆ ಕೇಳದೆಯೇ ಎದ್ದುಹೋಗಲಿ, ಜೊತೆಗೆ ಒಬ್ಬಳು ಹೋಗಲಿ ಎಂದು ಒಪ್ಪಿದರು. ಆ ಒಬ್ಬಳಾಗಲು ಮೊದಮೊದಲು ನಾನಲ್ಲದೆ ಬೇರೆ ಯಾರೂ ಮುಂದೆ ಬರಲಿಲ್ಲ. ನಿಧಾನವಾಗಿ ಪಿರಿಯಾಪಟ್ಟಣದ ಹುಡುಗಿಯೊಬ್ಬಳು ಬಂದಳು. ಆಮೇಲೆ ಇನ್ನೂ ಒಂದಿಬ್ಬರು.

ಔಷಧಿಯಿಂದ ಅವಳ ಕೈ ನಡುಗುತ್ತಿತ್ತು, ಬರೆದದ್ದು ಅವಳಿಗೇ ಓದಲಾಗುತ್ತಿರಲಿಲ್ಲ. ಆ ಸಲ ಫೇಲಾದಳು. ಮುಂದಿನ ಸಲ ತೇರ್ಗಡೆಯಾದಳು. ಫಲಿತಾಂಶದ ದಿನ ಕಾಲೇಜಿನ ಗೇಟಿನ ಹೊರಗೆ ನನಗೆ ಹೇಳಿದಳು: "ನೀನು ಅವ್ರ ಕಡೆಯೋಳು ಅಂತ ಈಗ್ಲೂ ಒಂದೊಂದ್ ಸಲ ಅನ್ನುಸ್ತದೆ ಕಣೇ."

"ಅನ್ನಿಸ್ದಾಗ ಏನ್ ಮಾಡ್ತೀಯ?"

"ನಿನ್ ಹತ್ರ ಹಿಂಗೇ ಹೇಳ್ತೀನಿ," ಎಂದಳು.

ಮುಂದಿನ ವರ್ಷ ಪ್ರಿನ್ಸಿಪಾಲರೇ ನಮ್ಮನ್ನು ಕರೆಸಿದರು. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಓದಲು ಬಂದಿದ್ದ ಹುಡುಗನೊಬ್ಬ ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ಪಾತ್ರೆ ಕದ್ದಿದ್ದಾನೆ, ಅದಕ್ಕೇ ಮುಖ ತೋರಿಸುತ್ತಿಲ್ಲ ಎಂದು ಉಳಿದ ಹುಡುಗರು ಹೇಳುತ್ತಿದ್ದರು. ಆ ಹಾಡಿಯವನೆಂದರೆ ಕಳ್ಳನೇ ಎಂಬ ತೀರ್ಮಾನ ಅವರಲ್ಲಿ ಆಗಲೇ ಆಗಿಬಿಟ್ಟಿತ್ತು. ನನ್ನ ಗೆಳತಿ ಕಿಟಕಿಯ ಹತ್ತಿರ ಹೋಗಿ ನಿಂತಳು. "ನಾನು ಒಳಿಕ್ ಬರಲ್ಲ. ಇಲ್ಲೇ ನಿಂತಿರ್ತೀನಿ. ಯಾರೋ ಮಾತಾಡೋ ಸದ್ದು ಕೇಳುಸ್ತಾ ಅದಾ?" ಎಂದು ಕೇಳಿದಳು. ಅವನು ಕಿಟಕಿಯ ಹತ್ತಿರ ಬಂದು, "ನಿಮ್ಗೂವಾ?" ಎಂದ.

ಅವನನ್ನೂ ಮೈಸೂರಿಗೆ ಕರೆದುಕೊಂಡು ಹೋದೆವು. ಪಾತ್ರೆಗಳು ಅಡುಗೆಮನೆಯ ಅಟ್ಟದ ಮೇಲೆಯೇ ಸಿಕ್ಕವು. ಯಾರೂ ಅವನ ಕ್ಷಮೆ ಕೇಳಲಿಲ್ಲ. ಔಷಧಿಯಿಂದ ಅವನು ಚೇತರಿಸಿಕೊಂಡ, ಆದರೆ ಹಾಸ್ಟೆಲಿಗೆ ಮರಳಲು ಒಪ್ಪಲಿಲ್ಲ. ಓದು ಅಲ್ಲಿಗೇ ನಿಂತಿತು. ಹಾಡಿಯಲ್ಲೇ ಉಳಿದು ಕೂಲಿಗೆ ಹೋಗುತ್ತಿದ್ದನೆಂದು ತಿಳಿಯಿತು. ಗೆಳತಿ ತಿಂಗಳಿಗೊಮ್ಮೆ ಕೋಟೆಯ ಬಸ್ಸು ಹತ್ತಿ ಅವನ ಮಾತ್ರೆ ತಲುಪಿಸಿ ಬರುತ್ತಿದ್ದಳು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಗುಡಿಸಲ ಮುಂದೆ ಅವನ ತಾಯಿ ನಮಗೆ ಗೆಣಸು ಬೇಯಿಸಿ ಕೊಟ್ಟರು. ಗೆಳತಿಯೂ ಅವನೂ ಮರದ ಕೆಳಗೆ ಕೂತು, ನಾನು ಹತ್ತಿರ ಹೋದರೆ ನಿಲ್ಲಿಸುವಂಥ ಯಾವುದೋ ಮಾತಿನಲ್ಲಿ ಮುಳುಗಿದ್ದರು. ನಾನು ದೂರದಲ್ಲೇ ಗೆಣಸು ಸುಲಿಯುತ್ತ ಕೂತೆ.