ಬ್ಯಾಳಿ ನೀರು

ಹುಮನಾಬಾದಿನ ತವರುಮನೆಯಲ್ಲಿ ನನಗೆ ಗೊತ್ತಿದ್ದದ್ದು ಒಂದೇ ನೀರು. ಬಾವಿಯಿಂದ ಸೇದಿದರೆ ನೀರು, ಚೆಲ್ಲಿದರೆ ಬೈಗುಳ, ಅಷ್ಟೇ. ನೀರಿಗೆ ಇಷ್ಟೊಂದು ಹೆಸರುಗಳಿವೆ ಎಂದು ತಿಳಿದದ್ದು ಬಸವಕಲ್ಯಾಣಕ್ಕೆ ಸೊಸೆಯಾಗಿ ಬಂದ ಮೇಲೆ. ನಮ್ಮ ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ವರ್ಷ ಆಗಿರಬೇಕು. ಅತ್ತೆಯ ಬಾಯಲ್ಲಿ ಬಟ್ಟೆ ಪಾತ್ರೆಗೆ ಹಾಕುವುದು ಬಳಕಿ ನೀರು. ಅಕ್ಕಿ ತೊಳೆದದ್ದು ಮುಸುರಿ ನೀರು, ಅದು ಎಮ್ಮೆಗೆ. ಬಚ್ಚಲಿನಿಂದ ಹರಿದದ್ದು ಮೋರಿ ನೀರು, ಅದು ಹಿತ್ತಲಿನ ಬಾಳೆಗೆ. ಈಗ ಇದಕ್ಕೆಲ್ಲ ಮರುಬಳಕೆ ಎಂದು ಹೆಸರಿಟ್ಟು ಸಭೆ ಮಾಡುತ್ತಾರೆ. ಅತ್ತೆ ಸಭೆಗಿಭೆ ಮಾಡಲಿಲ್ಲ. ಒಂದು ತಂಬಿಗೆ ನೀರು ಬಾಳೆಯ ಬುಡ ಬಿಟ್ಟು ಓಣಿಗೆ ಹರಿದರೆ ನನ್ನನ್ನು ಕರೆದು, ಹರಿದ ಉದ್ದಕ್ಕೂ ಬೆರಳು ಮಾಡಿ ತೋರಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಹೆಸರು ಬ್ಯಾಳಿ ನೀರು. ತೊಗರಿಬೇಳೆ ಯಾವ ನೀರಿನಲ್ಲಿ ಬೆಣ್ಣೆಯ ಹಾಗೆ ಬೇಯುತ್ತದೋ ಅದು ಬ್ಯಾಳಿ ನೀರು. ಅತ್ತೆಯ ಪ್ರಕಾರ ಇಡೀ ಓಣಿಯಲ್ಲಿ ಅಂಥ ನೀರು ಇದ್ದದ್ದು ನಮ್ಮ ಅಂಗಳದ ಬಾವಿಯಲ್ಲಿ ಮಾತ್ರ. ಆ ಬಾವಿಯನ್ನು ತೀರಿಹೋದ ಮಾವನವರು ತೋಡಿಸಿದ್ದು. ಬಂಡೆ ಒಡೆಸಲು ಅತ್ತೆಯ ಮುಂಗೈಯ ಬಂಗಾರದ ಪಾಟ್ಲಿಗಳು ಹೋಗಿದ್ದವಂತೆ. ಸೇದಲು ಬಂದ ಹೆಂಗಸರಿಗೆಲ್ಲ ಅವರು, “ಒಯ್ಯಿರಿ, ಬ್ಯಾಳಿ ನೀರದ, ಎಲ್ಲಿ ಸಿಗ್ತದ ಇಂಥಾದ್ದು?” ಎನ್ನುತ್ತಿದ್ದರು. ಆ ಹೆಂಗಸರು “ಹೌದ್ರಿ ಹೌದ್ರಿ” ಎಂದು ಒಯ್ದು ಬಟ್ಟೆ ಒಗೆಯುತ್ತಿದ್ದರು. ಅಡುಗೆಗೆ ಮಾತ್ರ ಊರ ಹೊರಗಿನ ತೋಟದ ಬಾವಿಯಿಂದ, ಅತ್ತೆಯ ಕಣ್ಣಿಗೆ ಬೀಳದ ಹಾಗೆ ಹಿಂದಿನ ಸಂದಿಯಲ್ಲಿ ಹಾದು, ನೀರು ತರುತ್ತಿದ್ದರು. ಇದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ನಾನು ಮೊದಲ ದಿನ ಬೇಳೆ ಬೇಯಲಿಟ್ಟೆ. ಎರಡು ತಾಸು ಕುದಿಯಿತು. ನೀರು ಬೇರೆ, ಬೇಳೆ ಬೇರೆ, ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ. ಅತ್ತೆ ಒಂದು ಕಾಳು ಹಿಚುಕಿ ನೋಡಿ, “ಹುಮನಾಬಾದ್ ಕೈಗಿ ಬ್ಯಾಳಿ ಬೇಯೂದಿಲ್ಲ ಏನವಾ?” ಎಂದರು. ಮರುದಿನ ಒಲೆ ಮುಂದೆ ತಾವೇ ಕೂತರು. “ನೀ ಹೋಗಿ ಎಮ್ಮಿಗಿ ಮೇವು ಹಾಕಿ ಬಾ” ಎಂದು ನನ್ನನ್ನು ಹೊರಗೆ ಕಳಿಸಿದರು. ಬಂದು ನೋಡಿದರೆ ಬೇಳೆ ಕರಗಿ ಹೋಗಿದೆ! ಮೂರು ತಿಂಗಳು ಹೀಗೇ ನಡೆಯಿತು. ನಾನು ಇಟ್ಟರೆ ಕಲ್ಲು, ಅವರು ಇಟ್ಟರೆ ಬೆಣ್ಣೆ. ಬಂದವರ ಮುಂದೆಲ್ಲ ನನ್ನ ಕೈಗುಣದ ಮಾತು. ನಾನು ಅಳುವ ಜಾತಿಯವಳಲ್ಲ, ಸಿಟ್ಟಿನವಳು. ಸಿಟ್ಟಿನಲ್ಲೇ ಅಪ್ಪನಿಗೆ ಒಂದು ಕಾರ್ಡು ಬರೆದೆ: ಈ ಸಲ ಬರುವಾಗ ಉಂಡಿ ಗಿಂಡಿ ಏನೂ ಬೇಡ, ನಮ್ಮ ಬಾವಿಯ ಒಂದು ಕೊಡ ನೀರು ತಾ.

ಅಪ್ಪ ಬರೆದದ್ದನ್ನು ಬರೆದ ಹಾಗೇ ಮಾಡುವ ಮನುಷ್ಯ. ಹಿತ್ತಾಳೆ ಕೊಡದ ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೊರಟೇಬಿಟ್ಟರು. ಕಂಡಕ್ಟರು, “ಯಜಮಾನ್ರ, ಬೀಗರ ಊರಾಗ ನೀರಿಲ್ಲೇನ್ರಿ?” ಎಂದು ಕೇಳಿದನಂತೆ. ಅಪ್ಪ, “ನೀರು ಭಾಳ ಅದಪಾ. ನನ್ನ ಮಗಳಿಗಿ ಹಟಾನೂ ಭಾಳ ಅದ” ಎಂದರಂತೆ. ದಾರಿಯ ಕುಣಿಗಳಲ್ಲಿ ಅರ್ಧ ನೀರು ಅವರ ಧೋತರ ಕುಡಿದಿತ್ತು.

ಬಾಗಿಲಿಗೆ ಬಂದ ಮೇಲೆ ಅವರಿಗೆ ಹೊಳೆಯಿತು, ಬೀಗರ ಮನೆಗೆ ನೀರು ಹೊತ್ತು ತರುವುದೆಂದರೆ ಬೀಗರ ಮುಖಕ್ಕೆ ಹೊಡೆದ ಹಾಗೆ. ಕೊಡವನ್ನು ಕಟ್ಟೆಯ ಮೇಲಿಟ್ಟು, ಅದು ತಮ್ಮದಲ್ಲವೇ ಅಲ್ಲ ಎಂಬಂತೆ ನಿಂತರು. ಅತ್ತೆ ಹೊರಗೆ ಬಂದು ನೋಡಿದರು. ಬಾಗಿಲಲ್ಲಿ ಬೀಗರು, ಪಕ್ಕದಲ್ಲಿ ನೀರಿನ ಕೊಡ. ಸೊಸೆ ಕಾಲು ತೊಳೆಯಲು ತಂದಿಟ್ಟಿದ್ದಾಳೆ ಎಂದುಕೊಂಡರು. “ಬರ್ರಿ ಬೀಗರ, ಕಾಲ ಮ್ಯಾಲ ನೀರು ಹಾಕ್ತೀನಿ” ಎಂದು ಬಟ್ಟೆ ಬಿಚ್ಚಿ ಧಾರಾಳವಾಗಿ ಸುರಿದರು. ಹುಮನಾಬಾದಿನಿಂದ ತೊಡೆಯ ಮೇಲೆ ಬಂದ ನೀರು ಅಪ್ಪನ ಪಾದದ ಮೇಲೇ ಹರಿದು ಬಾಳೆಯ ಬುಡ ಸೇರಿತು. ಅಪ್ಪ ಧೋತರ ಎತ್ತಿ ಹಿಡಿದು ನನ್ನನ್ನು ನೋಡಿದ ನೋಟ ನೆನೆದರೆ ಇವತ್ತಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತದೆ. ನಾನು ಓಡಿ ಕೊಡ ಎತ್ತಿಕೊಳ್ಳುವಷ್ಟರಲ್ಲಿ ತಳದಲ್ಲಿ ಎರಡು ತಂಬಿಗೆ ಉಳಿದಿತ್ತು.

ಸಂಜೆ ಬಸ್ಸಿಗೆ ಹೊರಡುವಾಗ ಅಪ್ಪ ಮೆಲ್ಲಗೆ, “ಬಾವಿಗಿ ಹೆಸರಿಡಬ್ಯಾಡ ತಂಗಿ. ಅದು ಆ ಮನಿ ಹಿರಿಯರದು” ಎಂದು ಹೇಳಿ ಹೋದರು. ಮರುದಿನ ಅತ್ತೆ ತೊಟ್ಟಿಲ ಕಾರ್ಯಕ್ಕೆ ಹೋದಾಗ ಆ ಎರಡು ತಂಬಿಗೆಯಲ್ಲಿ ಒಂದು ಹಿಡಿ ಬೇಳೆ ಬೇಯಿಸಿದೆ. ಅರ್ಧ ತಾಸಿನಲ್ಲಿ ಕರಗಿತು. ಕೈ ನನ್ನದು ಸರಿಯಾಗಿಯೇ ಇತ್ತು!

ಹಾಗಾದರೆ ಅತ್ತೆಯ ಕೈಯಲ್ಲಿ ಅದೇ ಬಾವಿಯ ನೀರಿನಲ್ಲಿ ಹೇಗೆ ಬೇಯುತ್ತಿತ್ತು? ಮುಂದಿನ ಸಲ ಎಮ್ಮೆಗೆ ಮೇವು ಹಾಕಲು ಕಳಿಸಿದಾಗ ಹಿತ್ತಲ ಕಿಟಕಿಯಿಂದ ಇಣುಕಿದೆ. ಅತ್ತೆ ಸೆರಗಿನ ಗಂಟು ಬಿಚ್ಚಿ, ಒಂದು ಚಿಟಿಕೆ ಬಿಳಿ ಪುಡಿ ಗಡಿಗೆಗೆ ಹಾಕಿ, ಮತ್ತೆ ಗಂಟು ಕಟ್ಟಿದರು. ಅಡಿಗೆ ಸೋಡಾ! ಮೂರು ತಿಂಗಳ ಬೈಗುಳ ನೆನಪಾಗಿ ಮೈಯೆಲ್ಲ ಉರಿಯಿತು. ಒಳಗೆ ನುಗ್ಗಿ ಕೇಳಿಬಿಡಬೇಕೆಂದುಕೊಂಡೆ. ಆದರೆ ಬೋಳು ಮುಂಗೈಯಲ್ಲಿ ಆ ಗಂಟನ್ನು ಅಷ್ಟು ಜೋಪಾನವಾಗಿ ಕಟ್ಟುತ್ತಿದ್ದ ಆ ಜೀವವನ್ನು ನೋಡಿ ಯಾಕೋ ನಗು ಬಂತು. ಪಾಪ ಎಂದೂ ಅನ್ನಿಸಿತು. ಮನೆಯವರಿಗೆ ಭಜಿಗೆ ಬೇಕೆಂದು ಹೇಳಿ ನಾನೂ ಸೋಡಾ ತರಿಸಿದೆ, ಉಪ್ಪಿನ ಭರಣಿಯ ಹಿಂದೆ ಅಡಗಿಸಿಟ್ಟೆ. ನನ್ನ ಬೇಳೆಯೂ ಬೇಯತೊಡಗಿತು. ಅತ್ತೆ ರುಚಿ ನೋಡಿ, “ಈಗ ಕೈ ಹದಕ್ಕ ಬಂತು” ಎಂದರು. ಹೀಗೆ ಒಂದೇ ಕಳ್ಳತನವನ್ನು ಇಬ್ಬರೂ ಬೇರೆ ಬೇರೆ ಮಾಡಿಕೊಂಡು ಎಂಟು ವರ್ಷ ಸುಖವಾಗಿದ್ದೆವು.

ಆಮೇಲೆ ಊರಿಗೆ ನಳ ಬರುವ ಸುದ್ದಿ ಬಂತು. ನೀರು ತುಂಬಿಡುವ ಎತ್ತರದ ಟಾಕಿ ಎದ್ದಿತು, ಓಣಿ ಓಣಿಗೆ ಪೈಪಿನ ಗುರುತು ಹಾಕಿದರು. ನಮ್ಮ ಓಣಿಯ ತಿರುವಿನಲ್ಲಿ ಮಾತ್ರ ಗುರುತು ನಮ್ಮನ್ನು ಬಿಟ್ಟು ಅತ್ತ ಹೊರಳಿತು. ವಿಚಾರಿಸಲು ಬಂದವರ ಮುಂದೆ ಅತ್ತೆ, ನಮ್ಮ ಓಣಿಗೆ ಸಿಹಿನೀರಿನ ಬಾವಿ ಇದೆ ಎಂದು ಘಂಟಾಘೋಷವಾಗಿ ಬರೆಸಿದ್ದರು. ಓಣಿಯ ಹೆಂಗಸರು ಒಬ್ಬರೂ ಇಲ್ಲ ಎಂದಿರಲಿಲ್ಲ. ಈಗ ಅದೇ ಹೆಂಗಸರು ಹಿತ್ತಲ ಬಾಗಿಲಿಗೆ ಬಂದು, “ತೋಟದ ಬಾವಿಗಿ ನಡದು ನಡದು ಕಾಲು ಸವದಾವ. ನೀನರ ಹೇಳವಾ ನಿಮ್ಮತ್ತಿಗಿ” ಎಂದು ನನ್ನ ಜೀವ ಹಿಂಡಿದರು. ಹೇಳಿದರೆ ಅತ್ತೆಯ ಮಾನ ಹೋಗುತ್ತದೆ, ಹೇಳದಿದ್ದರೆ ಓಣಿಯ ನಳ ಹೋಗುತ್ತದೆ.

ಬಾವಿಯ ಆಳ ಬರೆದುಕೊಳ್ಳಲು ನೀರಿನ ಆಫೀಸಿನ ಸಾಹೇಬರೊಬ್ಬರು ಬಂದರು. ವಯಸ್ಸಾದವರು, ಹೆಗಲಿಗೊಂದು ಕ್ಯಾನ್ವಾಸ್ ಚೀಲ. ಅತ್ತೆ ಬಿಡಲಿಲ್ಲ. “ಊಟ ಮಾಡೇ ಹೋಗ್ರಿ. ನಮ್ಮ ನೀರಾಗ ಬ್ಯಾಳಿ ಹ್ಯಾಂಗ ಬೇಯ್ತದ ನೋಡ್ರಿ” ಎಂದರು. ಅತ್ತೆ ಸಾಹೇಬರಿಗೆ ಬಾವಿ ತೋರಿಸುತ್ತಿದ್ದಾಗ, ಮನೆಯ ಮರ್ಯಾದೆ ಹೋಗಬಾರದೆಂದು ನಾನು ಒಂದು ಚಮಚ ಸೋಡಾ ಹಾಕಿದೆ. ನಾನು ತಾಟು ಒರೆಸುತ್ತಿದ್ದಾಗ ಅತ್ತೆ ಬಂದು, ಅದೇ ಮರ್ಯಾದೆಗಾಗಿ, ತಮ್ಮದನ್ನೂ ಹಾಕಿದರು. ಗಡಿಗೆ ಬುಸ್ಸೆಂದಿತು. ಹಳದಿ ನೊರೆ ಉಕ್ಕಿ, ಒಲೆಯನ್ನು ಆರಿಸಿ, ನೆಲಕ್ಕೆ ಹರಿದು, ಪಡಸಾಲೆಯಲ್ಲಿ ಕೂತಿದ್ದ ಸಾಹೇಬರ ಮಣೆಯ ಹತ್ತಿರ ಹೋಗಿ ನಿಂತಿತು.

ಸಾಹೇಬರು ಕಾಲು ಮಡಚಿಕೊಂಡು, “ಸೋಡಾ ಭಾಳ ಬಿದ್ದದಲ್ರಿ. ಸೋಡಾ ಇಲ್ದ ಈ ನೀರಾಗ ಬ್ಯಾಳಿ ಬೇಯೂದಿಲ್ಲೇನು?” ಎಂದರು.

ಅತ್ತೆಯ ಮುಖ ನೋಡಲಾಗಲಿಲ್ಲ. ನನ್ನ ಬಾಯಿಂದ ತಾನೇ ಬಂದುಬಿಟ್ಟಿತು: “ನೀರು ಚಲೋನೇ ಅದ್ರಿ. ನನ್ನ ಕೈಗುಣ ಸರಿ ಇಲ್ರಿ. ಅದಕ್ಕ ನಾನಽ ಹಾಕೀನ್ರಿ.”

ಅಲ್ಲಿಗೆ ಮಾತು ಮುಗಿಯಬಹುದಿತ್ತು. ಬಾವಿಯ ಹೆಸರೂ ಉಳಿಯುತ್ತಿತ್ತು. ಅತ್ತೆ ನನ್ನನ್ನು ನೋಡಿದರು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಪುಡಿಯನ್ನು ಸಾಹೇಬರ ಮುಂದೆ ನೆಲದ ಮೇಲೆ ಸುರಿದರು.

“ಆಕಿ ಕೈ ಚಲೋ ಅದ್ರಿ,” ಎಂದರು. “ನಮ್ಮ ನೀರಽ ಚಲೋ ಇಲ್ಲ.”

ಸಾಹೇಬರು ಬಾವಿಯ ನೀರು ತರಿಸಿ, ಚೀಲದಿಂದ ಒಂದು ಬಾಟಲಿ ತೆಗೆದು, ನಾಲ್ಕು ಹನಿ ಸಾಬೂನಿನ ನೀರು ಹಾಕಿ ಅಲುಗಾಡಿಸಿದರು. ನೊರೆ ಬರಲಿಲ್ಲ, ಮೇಲೆ ಒಡೆದ ಹಾಲಿನಂಥ ಗರಣೆ ತೇಲಿತು. “ಇದಕ್ಕ ಗಡಸು ನೀರು ಅಂತೀವ್ರಿ, ಅಮ್ಮಾರ” ಎಂದು ಬಹಳ ಮೆತ್ತಗೆ ಹೇಳಿದರು.

“ನಾ ಇಷ್ಟು ವರ್ಷ ಬ್ಯಾಳಿ ನೀರು ಅಂದೀನ್ರಿ,” ಎಂದರು ಅತ್ತೆ. “ಇರ್ಲಿ. ನೀವು ಗಡಸು ಅಂತನಽ ಬರೀರಿ.”

ಅವರು ಬರೆದರು. ಕೆಲವು ತಿಂಗಳಲ್ಲಿ ಪೈಪು ನಮ್ಮ ಕಡೆ ಹೊರಳಿತು, ನಮ್ಮ ಮನೆಯ ಮೂಲೆಗೇ ನಳ ನಿಂತಿತು. ಬಾವಿಯನ್ನು ಅತ್ತೆ ಮುಚ್ಚಲು ಬಿಡಲಿಲ್ಲ. ಅದು ಬಳಕಿ ನೀರಾಗಿ ಬಟ್ಟೆಗೆ, ಎಮ್ಮೆ ತೊಳೆಯಲು ಉಳಿಯಿತು.

ನಳದ ನೀರು ಬಂದ ಮೊದಲ ದಿನ ಅತ್ತೆ ತಾವೇ ಒಂದು ಕೊಡ ಹಿಡಿದು ತಂದು ಬೇಳೆ ಇಟ್ಟರು. ಒಲೆ ಹೊತ್ತಿದ ಕೂಡಲೇ ನಾನು ಎಂಟು ವರ್ಷದ ರೂಢಿಯಂತೆ ಎಮ್ಮೆಗೆ ಮೇವು ಹಾಕಲು ಎದ್ದೆ.

“ಎಲ್ಲಿ ಹೊಂಟಿ?” ಎಂದರು ಅತ್ತೆ. ಪಕ್ಕದಲ್ಲಿ ಇನ್ನೊಂದು ಮಣೆ ಹಾಕಿದರು. “ಇಲ್ಲೇ ಕೂಡು.”

ಬೇಳೆ ಬೇಯುವ ತನಕ ನಾವಿಬ್ಬರೂ ಒಲೆಯ ಮುಂದೆ ಕೂತಿದ್ದೆವು.