ಭೀಮನ ಗದೆ ತರಲು ಹೋದ ಜಂಪಣ್ಣ

ಎಪ್ಪತ್ತೈದನೇ ಇಸವಿಯ ಸುಮಾರಿನ ಮಾತು. ಐಮಂಗಲದ ಜಂಪಣ್ಣನಿಗೆ ಊರ ನಾಟಕದಲ್ಲಿ ಭೀಮನ ಪಾತ್ರ ಸಿಕ್ಕಿತು. ಕುರಿ ಕಾಯುವಾಗಲೂ ಮಾತು ಬಾಯಿಪಾಠ ಮಾಡುತ್ತ, ಟಗರುಗಳನ್ನೇ ಕೌರವರೆಂದು ಗದರಿಸುತ್ತಿದ್ದ. ಆದರೆ ಕೈಯಲ್ಲಿ ಗದೆ ಇಲ್ಲ.

"ಬಾಗೂರಿನ ಮೂರ್ತಪ್ಪರ ಹತ್ರ ಐತೆ, ಇಸ್ಕಂಡು ಬಾ" ಎಂದರು ನಾಟಕದ ಮೇಷ್ಟ್ರು ಹನುಮಂತಯ್ಯ.

ಮೂರ್ತಪ್ಪ ಒಂದು ಕಾಲಕ್ಕೆ ಹೆಸರು ಮಾಡಿದ ಭೀಮ. ಜಂಪಣ್ಣ ಅವನ ಮನೆಗೆ ಹೋದಾಗ ಗದೆ ಕಣ್ಣೆದುರಿಗೇ ಗೋಡೆಗೊರಗಿ ನಿಂತಿತ್ತು.

"ಕೊಡ್ತೀನಪ್ಪ. ಹೊಳಲ್ಕೆರೆ ಕೆಂಚಪ್ಪ ನನ್ನ ಕಿರೀಟ ಇಟ್ಕಂಡವ್ನೆ. ಮೊದ್ಲು ಅದನ್ನ ತಂದ್ಕೊಡು."

ಕೆಂಚಪ್ಪ ಹಳೆಯ ದುರ್ಯೋಧನ. "ಕಿರೀಟ ಐತೆ. ದುರ್ಗದ ಗೋವಿಂದಯ್ಯನಿಂದ ನನ್ನ ಮರದ ಕತ್ತಿ ತಗಂಡು ಬಾ, ಕೊಡ್ತೀನಿ" ಎಂದ.

"ಗದೆಗೂ ಕತ್ತಿಗೂ ಏನ್ರಿ ಸಂಬಂಧ?"

"ನಿಂಗೆ ಗದೆ ಬೇಕೋ ಬ್ಯಾಡ್ವೋ?"

ಜಂಪಣ್ಣ ಬಸ್ಸಿನಲ್ಲಿ ನಿಂತೇ ಚಿತ್ರದುರ್ಗಕ್ಕೆ ಹೋದ. ಗೋವಿಂದಯ್ಯ ತಲೆ ಕೆರೆದುಕೊಂಡರು. "ಆ ಕತ್ತೀನಾ? ನಿಮ್ಮ ಮೇಷ್ಟ್ರೇ ಒಯ್ದ್ರಲ್ಲ."

ಐಮಂಗಲಕ್ಕೆ ವಾಪಸು ಬಂದು ನೋಡಿದರೆ, ಕತ್ತಿ ಮೇಷ್ಟ್ರ ಹಿತ್ತಲಲ್ಲಿ ಅವರೆ ಬಳ್ಳಿಗೆ ಆಸರೆಯಾಗಿ ನಿಂತಿತ್ತು.

"ಮೊದ್ಲೇ ಹೇಳ್ಬಾರ್ದಿತ್ತಾ ಮೇಷ್ಟ್ರೇ?"

"ನೀ ಕೇಳಿದ್ದು ಗದೆ ಕಣಪ್ಪ."

ಬಳ್ಳಿ ಬಿಡಿಸಿ, ಮಣ್ಣು ತೊಳೆದು, ಕತ್ತಿ ಹೊತ್ತು ಹೊಳಲ್ಕೆರೆ ಬಸ್ಸು ಹತ್ತಿದ. ಕೆಂಚಪ್ಪ ಕತ್ತಿ ಇಸಿದುಕೊಂಡು, "ಇನ್ನು ಮೂರ್ತಪ್ಪನೇ ಬಂದು ಕಿರೀಟ ಕೇಳ್ಲಿ" ಎಂದುಬಿಟ್ಟ.

ಜಂಪಣ್ಣ ಜಗಲಿ ಮೇಲೆ ಕುಂತ. "ನಾನಿನ್ನು ಎಲ್ಲಿಗೂ ಒಬ್ನೇ ಹೋಗಲ್ಲ. ನೀವೇ ಕಿರೀಟ ಹಿಡ್ಕಂಡು ಬರ್ರಿ. ಬರದಿದ್ರೆ ಇಲ್ಲೇ ಉಣ್ತೀನಿ, ಇಲ್ಲೇ ಮಲಗ್ತೀನಿ."

ಕೆಂಚಪ್ಪ ಅಡುಗೆಮನೆ ಕಡೆ ನೋಡಿದ, ಜಂಪಣ್ಣನ ಮೈಕಟ್ಟು ನೋಡಿದ. ಟವಲು ಹೆಗಲಿಗೆ ಹಾಕಿಕೊಂಡು, ಕಿರೀಟ ಹಿಡಿದು ಎದ್ದ.

ಹಿಂದೊಮ್ಮೆ ರಂಗದ ಮೇಲೆ ಮೂರ್ತಪ್ಪನ ಏಟು ಕೆಂಚಪ್ಪನ ತೊಡೆಗೆ ನಿಜವಾಗಿಯೇ ಬಿದ್ದು, ಇಬ್ಬರೂ ಮಾತು ಬಿಟ್ಟಿದ್ದರಂತೆ. ಬಾಗೂರಿನಲ್ಲಿ ಎದುರುಬದುರಾದಾಗ ಕೆಂಚಪ್ಪ ಕಿರೀಟ ಮುಂದೆ ಚಾಚಿದ.

"ಸೊರಗಿದೀಯಲ್ಲೋ" ಎಂದ ಮೂರ್ತಪ್ಪ.

"ನಿನ್ನ ಮುಂದಿನ ಹಲ್ಲೆಲ್ಲೋ?" ಎಂದ ಕೆಂಚಪ್ಪ.

ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ. ಜಂಪಣ್ಣ ರೊಟ್ಟಿ ತಿಂದು ತೂಕಡಿಸಿದ.

ಗದೆಯನ್ನು ತಾವೇ ತರುತ್ತೇವೆಂದರು. ನಾಟಕದ ದಿನ ತಂದರು ಕೂಡ, ಮೀಸೆ ಬರೆದುಕೊಂಡು, ಭೀಮ ದುರ್ಯೋಧನರ ವೇಷ ಕಟ್ಟಿಕೊಂಡು. ಅಷ್ಟು ದೊಡ್ಡ ಕಲಾವಿದರಿಗೆ ಮೇಷ್ಟ್ರು ಬೇಡ ಎನ್ನಲಾರದೆ, ಜಂಪಣ್ಣನ ಕೈಗೆ ದ್ವಾರಪಾಲಕನ ಭರ್ಜಿ ಕೊಟ್ಟರು. ಅವನು ಭರ್ಜಿ ತಿರುಗಿಸಿ ನೋಡಿದ. ಇಷ್ಟು ಅಲೆದದ್ದು ಇದಕ್ಕಾ?

ಆದರೆ ರಂಗದ ಮೇಲೆ ಮೂರ್ತಪ್ಪ ಗದೆಯನ್ನು ಗೆಳೆಯನ ತೊಡೆಗೆ ಕುರಿಮರಿಯ ಮೈ ಸವರಿದಂತೆ ಸವರಿದ. ಬಿದ್ದುಕೊಂಡೇ ದುರ್ಯೋಧನ, "ಲೇ, ಒಂಚೂರು ಜೋರಾಗಿ ಹೊಡಿ, ಜನ ನೋಡ್ತಾವ್ರೆ" ಎಂದದ್ದು ಕೊನೆಯ ಸಾಲಿಗೂ ಕೇಳಿಸಿತು. ಜನ ಬಿದ್ದು ಬಿದ್ದು ನಕ್ಕರು. ಜಂಪಣ್ಣನೂ ಭರ್ಜಿ ಹಿಡಿದೇ ನಕ್ಕು, ತನಗಿದ್ದ ಒಂದೇ ಒಂದು ಮಾತನ್ನೂ ಮರೆತ.